ವಾರಗಿತ್ತಿಯ ಎಂಟು ಕ್ಲಿಪ್ಪುಗಳು

ಫೆಬ್ರವರಿ 3, ಮಂಗಳವಾರ

ಬಾಯಿಬಿಟ್ಟು ಬೈಯಲು ಈ ಮನೆಯಲ್ಲಿ ಬಿಡುವುದಿಲ್ಲ. ಬರೆದಾದರೂ ಬೈಯುತ್ತೇನೆ.

ಎಡಗಾಲು ಪಾದದಿಂದ ತೊಡೆಯವರೆಗೆ ಪ್ಲಾಸ್ಟರಿನಲ್ಲಿದೆ. ಎರಡು ಊರುಗೋಲು, ಒಂದು ಸ್ಟೂಲು, ಒಂದು ಕಿಟಕಿ, ಸದ್ಯಕ್ಕೆ ಇಷ್ಟೇ ನನ್ನ ಆಸ್ತಿ. ಮುಚ್ಚಿಹೋದ ಕಾರ್ಖಾನೆಯ ಹೊಗೆ ಚಿಮಣಿಯಿಂದ ಅಭ್ಯಾಸಕ್ಕೆಂದು ಹಾರಿದ್ದೆ. ಪ್ಯಾರಾಚೂಟಿನ ಬಟ್ಟೆ ತೆರೆಯುವಾಗ ಬಲಕ್ಕೆ ತಿರುಗಿಕೊಂಡಿತು. ಮೈದಾನದಲ್ಲಿ ಇಳಿಯಬೇಕಾದವಳು ಕಲ್ಲುರಾಶಿಯ ಮೇಲೆ ಇಳಿದೆ. ಗಾಳಿ ತಿರುಗಿಸಿತು. ಗಾಳಿ ಎಂದು ಎಲ್ಲರಿಗೂ ಹೇಳಿದ್ದೇನೆ, ಎಲ್ಲರೂ ತಲೆ ಆಡಿಸಿದ್ದಾರೆ. ಅವರು ತಲೆ ಆಡಿಸುವ ರೀತಿ ಕಂಡರೇ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ಕೆಳಗೆ ವರ್ಕ್‌ಶಾಪು, ಮೇಲೆ ಮನೆ. ಟಾರ್ಪಾಲು, ಡೇರೆ, ಅಂಗಡಿ ಮುಂದಿನ ನೆರಳಿನ ಬಟ್ಟೆ ಹೊಲಿದರೆ ಹೊಟ್ಟೆ ತುಂಬುತ್ತದೆ. ಪ್ಯಾರಾಚೂಟು ಹೊಲಿದರೆ ಹೆಸರು ಬರುತ್ತದೆ. ವಿಮಾನದಿಂದ ಹಾರುವವರ ಪ್ಯಾರಾಚೂಟಲ್ಲ. ಸೇತುವೆ, ಗೋಪುರ, ಬಂಡೆಯಂಚಿನಿಂದ ಹಾರುವವರದು. ಅವರ ಬೆನ್ನ ಮೇಲೆ ಒಂದೇ ಬಟ್ಟೆ. ಅದು ತೆರೆಯದಿದ್ದರೆ ಇನ್ನೊಂದಿಲ್ಲ, ಇದ್ದರೂ ತೆರೆಯುವಷ್ಟು ಹೊತ್ತು ಸಿಗುವುದಿಲ್ಲ. ಆದ್ದರಿಂದ ಹಾರುವುದಕ್ಕಿಂತ ಮಡಚುವುದೇ ದೊಡ್ಡ ವಿದ್ಯೆ. ವರ್ಷಕ್ಕೊಂದು ಬೆಳಿಗ್ಗೆ ಕಣಿವೆಯ ದೊಡ್ಡ ಸೇತುವೆಯಲ್ಲಿ ವಾಹನಗಳನ್ನು ನಿಲ್ಲಿಸಿ ಹಾರುವವರಿಗೆ ಬಿಟ್ಟುಕೊಡುತ್ತಾರೆ. ನಮ್ಮ ವರ್ಕ್‌ಶಾಪಿನ ಪರವಾಗಿ ಒಬ್ಬರು ನಮ್ಮದೇ ಬಟ್ಟೆ ಹೊತ್ತು ಹಾರುತ್ತಾರೆ. ಅದನ್ನು ನೋಡಿಯೇ ವರ್ಷದ ಗಿರಾಕಿಗಳು ಬರುವುದು. ಇಷ್ಟು ವರ್ಷ ಹಾರಿದವಳು ನಾನು.

ಈ ಸಲ ನನ್ನ ವಾರಗಿತ್ತಿಯಂತೆ. ಮೈದುನನ ಹೆಂಡತಿ, ಮದುವೆಯಾಗಿ ಒಂದು ವರ್ಷವೂ ಸರಿಯಾಗಿ ಆಗಿಲ್ಲ. ತವರಿನ ಕಡೆ ಯಾವುದೋ ಕ್ಲಬ್ಬಿನಲ್ಲಿ ಹಾರುವುದು ಕಲಿತು ಬಂದವಳು. ನನ್ನ ಕಾಲು ಮುರಿದ ವಾರವೇ, ಮಡಚುವಾಗ ಬಟ್ಟೆ ಜಾರದಂತೆ ಕಚ್ಚಿಸುವ ಅವಳ ಕಬ್ಬಿಣದ ಕ್ಲಿಪ್ಪುಗಳು ಡಬ್ಬಿಯಿಂದ ಹೊರಬಂದವು. ಮೈದುನ ವರ್ಕ್‌ಶಾಪಿನ ಗೋಡೆಗೆ ಹಲಗೆ ಹೊಡೆದುಕೊಟ್ಟ, ಹಲಗೆಗೆ ಎಂಟು ಮೊಳೆ, ಮೊಳೆಗೊಂದು ಕ್ಲಿಪ್ಪು.

"ಚೀಲ ಮುಚ್ಚೋ ಮುಂಚೆ ಎಣಿಸ್ಬೇಕು ಅಕ್ಕ. ಒಳಗೆ ಒಂದು ಉಳಿದ್ರೆ ಬಟ್ಟೆ ತೆರೆಯೋದೇ ಇಲ್ಲ, ಅದಕ್ಕೇ ಒಂದು ಕಮ್ಮಿ ಇದ್ರೂ ಮುಚ್ಚೋ ಹಾಗಿಲ್ಲ. ಪೂರ್ತಿ ಬಿಚ್ಚಿ ಹುಡುಕ್ಬೇಕು," ಎಂದು ನನಗೇ ಪಾಠ ಹೇಳಿದಳು.

"ನನ್ನ ಕೈಗೆ ಹತ್ತು ಬೆರಳಿವೆ. ಇವತ್ತಿನ ತನಕ ಒಂದನ್ನೂ ಚೀಲದೊಳಗೆ ಬಿಟ್ಟುಬಂದಿಲ್ಲ," ಎಂದೆ.

ನಮ್ಮವರು ನಕ್ಕರು. ತಮ್ಮನ ಹೆಂಡತಿಯ ಮುಖ ನೋಡಿ ಆ ನಗುವನ್ನು ಕೆಮ್ಮು ಮಾಡಿಕೊಂಡರು. ಹೆದರುಪುಕ್ಕಲರು.

ಫೆಬ್ರವರಿ 5, ಗುರುವಾರ

ಕ್ಲಿಪ್ಪಿನ ರಾಣಿ ಇವತ್ತು ಮಡಚುವುದನ್ನು ಇಡೀ ಬೆಳಿಗ್ಗೆ ನೋಡಿದೆ. ನೋಡದೆ ಎಲ್ಲಿಗೆ ಹೋಗಲಿ? ನನ್ನ ಸ್ಟೂಲು ಇರುವುದೇ ಅಲ್ಲಿ.

ಮಡಚುವುದೆಂದರೆ ಏನು? ಬಟ್ಟೆಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಬೇಕು, ದಾರಗಳನ್ನು ಒಂದಕ್ಕೊಂದು ಸುತ್ತಿಕೊಳ್ಳದಂತೆ ಬಿಡಿಸಬೇಕು, ಗಾಳಿ ತುಂಬುವ ಕೋಶಗಳನ್ನು ಎಡಕ್ಕೂ ಬಲಕ್ಕೂ ಸಮವಾಗಿ ಮಡಚಿ, ಒಳಗಿನ ಗಾಳಿ ಹೊರಗೆ ದಬ್ಬಿ, ಚೀಲಕ್ಕೆ ತುಂಬಬೇಕು. ಬಟ್ಟೆ ಜಾರುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಅದನ್ನು ಮೊಣಕಾಲಿನಿಂದ ಒತ್ತಿ, ಮೊಣಕೈಯಿಂದ ತಡೆದು, ಕೈ ಸಾಲದಿದ್ದರೆ ಗಲ್ಲದಿಂದ ಹಿಡಿದು ಬಗ್ಗಿಸಬೇಕು. ಮಾವ ನನಗೆ ಕಲಿಸಿದ್ದು ಹಾಗೆ. ಬಟ್ಟೆಯ ಜೊತೆ ಕುಸ್ತಿ ಆಡಿ ಗೆದ್ದವಳಿಗೆ ಬಟ್ಟೆ ಎಲ್ಲಿ ತಪ್ಪಿದೆ ಎಂದು ಮೈಯೇ ಹೇಳುತ್ತದೆ.

ಇವಳು ಏನು ಮಾಡುತ್ತಾಳೆ? ಒಂದು ಮಡಿಕೆ, ಒಂದು ಕ್ಲಿಪ್ಪು. ಇನ್ನೊಂದು ಮಡಿಕೆ, ಇನ್ನೊಂದು ಕ್ಲಿಪ್ಪು. ನಡುವೆ ಮರಳು ತುಂಬಿದ ಚೀಲವನ್ನು ತೂಕಕ್ಕೆಂದು ಇಡುತ್ತಾಳೆ. ಆಮೇಲೆ ಎದ್ದುಹೋಗಿ ಆರಾಮಾಗಿ ನೀರು ಕುಡಿದು ಬರುತ್ತಾಳೆ! ಬಟ್ಟೆ ಬಿಟ್ಟಲ್ಲೇ ಬಿದ್ದಿರುತ್ತದೆ. ಕೊನೆಗೆ ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲೆ ಹಾಕುತ್ತಾಳೆ, ಹಲಗೆಗೆ ಸಿಕ್ಕಿಸುತ್ತಾಳೆ, ಶಾಲೆಯ ಮಗುವಿನ ಹಾಗೆ ಗಟ್ಟಿಯಾಗಿ ಎಂಟರವರೆಗೆ ಎಣಿಸಿ ಚೀಲ ಮುಚ್ಚುತ್ತಾಳೆ.

"ಮಾವ, ನೀವಾದ್ರೂ ಹೇಳಿ. ಇದು ಬಟ್ಟೆ ಮಡಚೋದಾ, ಒಣಗಿಸೋದಾ?" ಎಂದು ಕೇಳಿದೆ.

ಮಾವ ಕನ್ನಡಕ ಒರೆಸಿಕೊಂಡರು. "ಬಟ್ಟೆಗೆ ನಿನ್ನ ಕೈನೂ ಗೊತ್ತಿಲ್ಲ, ಅವಳ ಕ್ಲಿಪ್ಪೂ ಗೊತ್ತಿಲ್ಲಮ್ಮ. ಸಮವಾಗಿದ್ರೆ ನೆಟ್ಟಗೆ ತೆರೆಯುತ್ತೆ, ಇಲ್ಲದಿದ್ರೆ ತಿರುಗುತ್ತೆ," ಎಂದರು.

ತಿರುಗುತ್ತೆ ಎಂಬ ಮಾತು ಯಾರಿಗೆಂದು ನನಗೆ ಗೊತ್ತಾಗದೇ ಇರುತ್ತದೆಯೇ? ರಾತ್ರಿ ಊಟ ಬಿಟ್ಟೆ. ಯಾರೂ ಬಲವಂತ ಮಾಡಲಿಲ್ಲ.

ಫೆಬ್ರವರಿ 11, ಬುಧವಾರ

ಇವತ್ತು ಒಂದು ಕೆಲಸ ಮಾಡಿದೆ. ಬಹಳ ದಿನಗಳ ಮೇಲೆ ಹೊಟ್ಟೆ ತಣ್ಣಗಾಯಿತು.

ಕ್ಲಿಪ್ಪುಗಳನ್ನು ಕಿತ್ತು ಅವಳು ಹಾಕುವ ಮೇಜಿನ ಅಂಚು ನನ್ನ ಹೊಲಿಗೆಯ ಬುಟ್ಟಿಗೆ ತಾಗಿಕೊಂಡೇ ಇದೆ. ಬಾಗಿಲಲ್ಲಿ ಟಾರ್ಪಾಲಿನ ಗಿರಾಕಿ ಬಂದ, ಅವಳು ಎದ್ದಳು. ನಾನು ಒಂದು ಕ್ಲಿಪ್ಪು ತೆಗೆದು ಬುಟ್ಟಿಯೊಳಗೆ, ದಾರದುಂಡೆಗಳ ಕೆಳಗೆ ಹಾಕಿದೆ. ಅಷ್ಟೇ. ಬಂದಳು, ಹಲಗೆಗೆ ಸಿಕ್ಕಿಸಿದಳು, ಎಣಿಸಿದಳು. ಏಳು. ಮತ್ತೆ ಎಣಿಸಿದಳು. ಕ್ಲಿಪ್ಪೇನು ಮರಿ ಹಾಕುತ್ತದೆಯೇ, ಏಳೇ!

ಮೇಜಿನ ಕೆಳಗೆ ನೋಡಿದಳು, ಸೀರೆ ಕೊಡವಿದಳು. ಆಮೇಲೆ ಬಾಯಿ ಮುಚ್ಚಿಕೊಂಡು ಇಡೀ ಬೆಳಗಿನ ಮಡಿಕೆಯನ್ನು ಚೀಲದಿಂದ ಹೊರಗೆಳೆದು ಬಿಚ್ಚಿದಳು. ಒಳಗೆಲ್ಲಿ ಇರುತ್ತದೆ?

"ನಾನೇ ಎಲ್ಲೋ ಬೀಳಿಸಿರ್ಬೇಕು ಅಕ್ಕ," ಎಂದಳು.

"ಇರಬಹುದು. ಕೈಯಲ್ಲಿ ಮಡಚೋರಿಗೆ ಈ ತಾಪತ್ರಯ ಇರೋದಿಲ್ಲ," ಎಂದೆ.

ಸಂಜೆ ಕ್ಲಿಪ್ಪನ್ನು ಹೊಲಿಗೆ ಮೆಷಿನ್ನಿನ ಕೆಳಗೆ ಉರುಳಿಸಿದೆ. ನಾಳೆ ಗುಡಿಸುವಾಗ ಸಿಗಲಿ.

ಫೆಬ್ರವರಿ 12, ಗುರುವಾರ

ಸಿಕ್ಕಿತು. ಖುಷಿಪಟ್ಟಳು. ಮಧ್ಯಾಹ್ನ ಇನ್ನೊಂದು ತೆಗೆದೆ.

ಫೆಬ್ರವರಿ 20, ಶುಕ್ರವಾರ

ಆಸ್ಪತ್ರೆಗೆ ಹೋಗಿಬಂದೆ. ಡಾಕ್ಟರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು, ಮೂಳೆ ಇನ್ನೂ ಕೂಡಿಲ್ಲ, ಏಪ್ರಿಲ್ ಮುಗಿಯುವವರೆಗೆ ಪ್ಲಾಸ್ಟರು ಎಂದರು. ಸೇತುವೆ ಮಾರ್ಚ್ ಕೊನೆಗೆ. ಪ್ಲಾಸ್ಟರಿನಲ್ಲೇ ಹಾರಬಹುದೇ ಎಂದು ಕೇಳಿದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು. ನಮ್ಮವರೂ ಜೊತೆಗೆ ನಕ್ಕರು. ನನಗೆ ಇಬ್ಬರ ತಲೆಯನ್ನೂ ಒಂದಕ್ಕೊಂದು ಕುಟ್ಟಬೇಕೆನಿಸಿತು.

ಮನೆಗೆ ಬಂದರೆ ಮೆಟ್ಟಿಲ ಬುಡದಲ್ಲಿ ಅವಳು ನಿಂತಿದ್ದಾಳೆ. ನನ್ನ ಮುಖ ನೋಡಿದವಳೇ ಒಳಗೆ ಹೋದಳು. ಬಿಸಿನೀರು ಕಾಯಿಸಿ, ಬಚ್ಚಲಲ್ಲಿ ಕುರ್ಚಿ ಹಾಕಿ, ಪ್ಲಾಸ್ಟರಿಗೆ ಪ್ಲಾಸ್ಟಿಕ್ ಸುತ್ತಿ ನನ್ನ ತಲೆಗೆ ನೀರು ಹಾಕಿದಳು. ಬೇಡ ಎಂದರೂ ಕೇಳಲಿಲ್ಲ. ತಲೆ ತೊಳೆದುಕೊಂಡು ಎಷ್ಟು ದಿನವಾಗಿತ್ತೋ, ನನಗೇ ನಾಚಿಕೆಯಾಗುವಷ್ಟು ಕೊಳೆ ಬಂತು. ಬೆರಳಿನಲ್ಲಿ ತಿಕ್ಕುವಾಗ ಅವಳ ಉಗುರು ಒಂದು ಸಲವೂ ತಾಗಲಿಲ್ಲ. ಇಷ್ಟು ನಯವಾದ ಕೈಯಿರುವವಳು ಬಟ್ಟೆಗೆ ಮಾತ್ರ ಕಬ್ಬಿಣ ಕಚ್ಚಿಸುತ್ತಾಳೆ.

ನನಗೆ ಬೆಣ್ಣೆ ಹಚ್ಚುತ್ತಿದ್ದಾಳೆ. ನನ್ನ ಜಾಗವನ್ನು ಕಿತ್ತುಕೊಂಡವಳು ನನ್ನ ತಲೆ ತೊಳೆದರೆ ಲೆಕ್ಕ ಸರಿಹೋಯಿತೇ? ಈ ವಾರ ಮೂರು ಸಲ ಕ್ಲಿಪ್ಪು ತೆಗೆದೆ, ಮೂರು ಸಲವೂ ಬಿಚ್ಚಿ ಮಡಚಿದಳು. ನಿನ್ನೆ ಬಿಚ್ಚುವಾಗ ಕಣ್ಣಲ್ಲಿ ನೀರಿತ್ತು. ಅಳಲಿ. ನಾನು ಅತ್ತಾಗ ಯಾರೂ ನೋಡಲಿಲ್ಲ.

ಮಾರ್ಚ್ 1, ಭಾನುವಾರ

ಎಲ್ಲರೂ ಮೈದುನನ ಸ್ನೇಹಿತನ ಮದುವೆಗೆ ಹೋಗಿದ್ದರು. ನಾನೊಬ್ಬಳೇ. ಕೆಳಗಿಳಿದು, ಬಾಗಿಲು ಹಾಕಿಕೊಂಡು, ನನ್ನ ಬಟ್ಟೆ ಹಾಸಿದೆ.

ಮೊಣಕಾಲೂರಲು ಆಗಲಿಲ್ಲ. ಪ್ಲಾಸ್ಟರು ಮರದ ಕೊರಡಿನಂತೆ ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಒಂದು ಕಾಲಿನ ಮೇಲೆ ಭಾರ ಹಾಕಿ ಒತ್ತಿದೆ, ಬಟ್ಟೆ ಆ ಕಡೆ ಜಾರಿತು. ಹೊಟ್ಟೆಯಡಿಗೆ ಹಾಕಿಕೊಂಡು ಮಲಗಿದೆ, ಈ ಕಡೆ ಉಬ್ಬಿತು. ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಅಷ್ಟು ವರ್ಷ ನನ್ನ ಮಾತು ಕೇಳಿದ ಬಟ್ಟೆ ಇವತ್ತು ಗುರುತಿಲ್ಲದವರಂತೆ ಆಡಿತು. ಸಿಟ್ಟಿನಿಂದ ಅದಕ್ಕೆ ಗುದ್ದಿದೆ. ಯಾರೂ ಇರಲಿಲ್ಲ, ಚೆನ್ನಾಗಿ ಅತ್ತೆ.

ಆಮೇಲೆ ಹಲಗೆಯಿಂದ ಎರಡು ಕ್ಲಿಪ್ಪು ತೆಗೆದುಕೊಂಡೆ. ಎರಡೇ ಎಂದುಕೊಂಡೆ. ಕೊನೆಗೆ ಎಂಟೂ ಬೇಕಾದವು. ಮಡಿಕೆ ಮುಗಿದ ಮೇಲೆ ಬಗ್ಗಿ ನೋಡಿದೆ. ಎಡ ಬಲ ಸಮವಾಗಿತ್ತು. ನನ್ನ ಕೈಯಲ್ಲಿ ಬಲಗಡೆ ಯಾವಾಗಲೂ ಒಂದಿಷ್ಟು ದಪ್ಪ ಉಳಿಯುತ್ತಿತ್ತೆಂದು ಪಕ್ಕದಲ್ಲಿಟ್ಟು ನೋಡಿದವರಿಗೆ ಅನಿಸಬಹುದು. ಅನಿಸಿಕೊಳ್ಳಲಿ.

ತಕ್ಷಣ ಎಲ್ಲ ಬಿಚ್ಚಿ, ಕ್ಲಿಪ್ಪುಗಳನ್ನು ಹಲಗೆಗೆ ಸಿಕ್ಕಿಸಿ, ಎಣಿಸಿ, ಮೇಲೆ ಹೋಗಿ ಮಲಗಿದೆ. ಇದನ್ನು ಯಾರಿಗೂ ಹೇಳುವುದಿಲ್ಲ.

ಮಾರ್ಚ್ 4, ಬುಧವಾರ

ಗೆದ್ದೆ!

ಬೆಳಿಗ್ಗೆ ಒಂದು ಕ್ಲಿಪ್ಪು ಬುಟ್ಟಿಗೆ ಹಾಕಿದ್ದೆ. ಅವಳು ಎಣಿಸಿದಳು, ಏಳು ಬಂತು. ನಾನು ಸೂಜಿ ಹಿಡಿದುಕೊಂಡು ಕಾದೆ. ಅವಳು ಬಿಚ್ಚಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಉಸಿರು ಬಿಟ್ಟು, "ಇದು ಮನೆಯೆಲ್ಲ ಓಡಾಡೋ ಕ್ಲಿಪ್ಪು ಅಕ್ಕ. ನಾಳೆ ಮೆಷಿನ್ ಕೆಳಗೆ ಸಿಗುತ್ತೆ ಬಿಡಿ," ಎಂದು ಚೀಲ ಮುಚ್ಚಿಯೇಬಿಟ್ಟಳು!

ಒಂದು ಕಮ್ಮಿ ಇದ್ದರೂ ಮುಚ್ಚುವ ಹಾಗಿಲ್ಲ ಎಂದು ನನಗೆ ಪಾಠ ಹೇಳಿದವಳು ತಾನೇ ಮುಚ್ಚಿದಳು. ಇವರ ನಿಯಮ ಇಷ್ಟೇ. ಕೆಳಗೆ ವರ್ಕ್‌ಶಾಪಿನಲ್ಲೇ ಊಟಕ್ಕೆ ಕೂತಾಗ ಮಾವನಿಗೆ ಹೇಳಿದೆ, "ನೋಡಿದ್ರಾ, ಎಣಿಸಿ ಕಮ್ಮಿ ಬಂದ್ರೂ ಮುಚ್ಚಿದ್ಲು."

ಮಾವ ಗೋಡೆಯ ಹಲಗೆ ಕಡೆ ನೋಡಿದರು, ಆಮೇಲೆ ಸ್ಟೂಲಿನ ಮೇಲೆ ಚಾಚಿದ್ದ ನನ್ನ ಪ್ಲಾಸ್ಟರು ನೋಡಿದರು. "ಈ ಮನೇಲಿ ಕಾಲಿದ್ದೋರು ಕೂತಿದ್ದಾರೆ, ಕ್ಲಿಪ್ಪುಗಳು ಓಡಾಡ್ತಿವೆ," ಎಂದು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದೆ.

ಅಭ್ಯಾಸದ ಮಡಿಕೆ ಅದು, ಯಾರೂ ಅದರಲ್ಲಿ ಹಾರುವುದಿಲ್ಲ. ಮಧ್ಯಾಹ್ನವೇ ಬಿಚ್ಚಿಯಾಯಿತು.

ಮಾರ್ಚ್ 6, ಶುಕ್ರವಾರ

ಮತ್ತೆ ತೆಗೆದೆ. ಮತ್ತೆ ಮುಚ್ಚಿದಳು, ಹುಡುಕಲೂ ಇಲ್ಲ. ಮಜಾ ಬರಲಿಲ್ಲ.

ಮಾರ್ಚ್ 12, ಗುರುವಾರ

ಇವಳ ಧೈರ್ಯ ನೋಡಿ. ಬಂದು ನನ್ನ ಸ್ಟೂಲಿನ ಎದುರು ನೆಲದ ಮೇಲೆ ಕೂತು, "ಅಕ್ಕ, ಸೇತುವೆ ಮೇಲೆ ಮತ್ತೆ ಮಡಚೋ ಪರಿಸ್ಥಿತಿ ಬಂದ್ರೆ, ಕ್ಲಿಪ್ಪು ಕೈಗೆ ಸಿಗದಿದ್ರೆ? ಕೈಯಲ್ಲಿ ಮಡಚೋದು ಹೇಳ್ಕೊಡಿ," ಎಂದಳು.

"ಯಾಕೆ, ಕ್ಲಬ್ಬಿನವರು ಹೇಳಿಕೊಡಲಿಲ್ವಾ?"

"ನಿಮ್ಮಷ್ಟು ಚೆನ್ನಾಗಿ ಮಡಚೋರು ಅಲ್ಲಿರಲಿಲ್ಲ."

ಹೊಗಳಿಕೆಗೆ ಮರುಳಾಗುವವಳಲ್ಲ ನಾನು. ಹೊತ್ತು ಹೋಗಬೇಕಲ್ಲ ಎಂದು ಹೇಳಿಕೊಟ್ಟೆ. ಅಬ್ಬಾ, ಆ ಮಡಿಕೆ! ಹಾಸಿಗೆ ಸುತ್ತಿಟ್ಟ ಹಾಗಿತ್ತು. ಮೊಣಕಾಲನ್ನು ಬಟ್ಟೆಯ ಮೇಲೆ ಇಡುವ ಬದಲು ಪಕ್ಕಕ್ಕಿಡುತ್ತಾಳೆ. ಗಲ್ಲ ಬಳಸಲು ನಾಚಿಕೆ. "ಮದುವೆ ಮನೇಲಿ ಕೂತಿದ್ದೀಯೇನೇ? ಬಗ್ಗು!" ಎಂದು ಊರುಗೋಲಿನಿಂದ ಅವಳ ಮೊಣಕೈಯನ್ನು ಸರಿಸಿದೆ. ಬಿಚ್ಚಿಸಿದೆ, ಮತ್ತೆ ಮಡಚಿಸಿದೆ. ಗಂಟಲು ಕಟ್ಟುವವರೆಗೆ ಬೈದೆ. ಮೂಗಿನ ತುದಿಯಲ್ಲಿ ಬೆವರು ಇಳಿಯುತ್ತಿದ್ದರೂ ಎದ್ದುಹೋಗಲಿಲ್ಲ. ಹಟಮಾರಿ.

ಮಾರ್ಚ್ 19, ಗುರುವಾರ

ದಿನಾ ಬರುತ್ತಾಳೆ. ದಿನಾ ಬೈಸಿಕೊಳ್ಳುತ್ತಾಳೆ. ಇವತ್ತು ಎಡಗಡೆ ಸರಿಯಾಗಿ ಬಂತು, ಬಲಗಡೆ ದಪ್ಪ. "ಬಲಗಡೆ ನೋಡು. ಅಲ್ಲೇ ಎಲ್ಲರೂ ತಪ್ಪೋದು. ಅಲ್ಲಿ ದಪ್ಪ ಬಿಟ್ರೆ ತೆರೆಯುವಾಗ ತಿರುಗುತ್ತೆ," ಎಂದೆ. ಅವಳು ತಲೆ ಎತ್ತಿ ನನ್ನ ಕಾಲು ನೋಡಿದಳು, ಏನೂ ಹೇಳಲಿಲ್ಲ. ಹೇಳಿದ್ದರೆ ಊರುಗೋಲು ಎಸೆಯುತ್ತಿದ್ದೆ.

ಅಭ್ಯಾಸಕ್ಕೆ ಏನಾದರೂ ಮಾಡಿಕೊ, ಸೇತುವೆಗೆ ಮಾತ್ರ ನಿನ್ನ ಕೈಗೆ ಪಳಗಿದ ಹಾಗೇ ಮಡಚಿಕೊ ಎಂದು ಹೇಳಿದ್ದೇನೆ. ಹುಡುಗಿ ತಲೆ ಆಡಿಸಿತು. ನಮ್ಮ ವರ್ಕ್‌ಶಾಪಿನ ಮಾನದ ಪ್ರಶ್ನೆ, ಅದಕ್ಕೇ ಹೇಳಿದೆ.

ಈ ಗಲಾಟೆಯಲ್ಲಿ ಕ್ಲಿಪ್ಪು ತೆಗೆಯುವುದೇ ಮರೆತುಹೋಗಿದೆ. ನಾಳೆ ನೆನಪಿಟ್ಟು ತೆಗೆಯಬೇಕು.

ಮಾರ್ಚ್ 27, ಶುಕ್ರವಾರ

ನನ್ನ ಹೆಲ್ಮೆಟ್ಟನ್ನು ಅವಳಿಗೆ ಕೊಟ್ಟರು. ನನ್ನನ್ನು ಕೇಳಲಿಲ್ಲ. ಅವಳ ತಲೆ ಸಣ್ಣದು, ಪಟ್ಟಿ ಸಡಿಲ. ಮೆಷಿನ್ನಿಗೆ ಕೊಟ್ಟು ಪಟ್ಟಿ ಗಿಡ್ಡ ಮಾಡಿ ಹೊಲಿದೆ. ಸಿಟ್ಟಿನಲ್ಲಿ ಎರಡು ಸೂಜಿ ಮುರಿದೆ. ನಾಳೆ ಮಧ್ಯಾಹ್ನ ಹೊರಡುತ್ತಾರೆ, ನಾಡಿದ್ದು ಬೆಳಿಗ್ಗೆ ಹಾರುವುದು. ನಾನು, ಮಾವ ಮನೆಯಲ್ಲಿ. ತೊಲಗಲಿ ಎಲ್ಲರೂ.

ಮಾರ್ಚ್ 28, ಶನಿವಾರ

ಇವತ್ತಿನದನ್ನು ಬರೆದೇ ಮಲಗಬೇಕು.

ಬೆಳಿಗ್ಗೆ ಅವಳು ಸೇತುವೆಯ ಮಡಿಕೆ ಹಾಕಿದಳು, ಕ್ಲಿಪ್ಪುಗಳಲ್ಲೇ. ನೋಡಬಾರದೆಂದು ನಾನು ಮೇಲೆಯೇ ಇದ್ದೆ. ಊಟವಾದ ಮೇಲೆ ಇಳಿದುಬಂದಾಗ ಚೀಲ ಮುಚ್ಚಿ, ವ್ಯಾನಿನಲ್ಲಿಟ್ಟು ಆಗಿತ್ತು. ಮೈದುನ ಟೈರಿಗೆ ಗಾಳಿ ನೋಡುತ್ತಿದ್ದ, ನಮ್ಮವರು ನೀರಿನ ಕ್ಯಾನು ಹತ್ತಿಸುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು ಗೋಡೆ ನೋಡಿದೆ. ಹಲಗೆಯಲ್ಲಿ ಒಂದು ಮೊಳೆ ಖಾಲಿ ಇತ್ತು.

"ಏನೇ, ಒಂದು ಕಮ್ಮಿ ಇದೆ," ಎಂದು ಕೂಗಿದೆ.

ಅವಳು ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಿದ್ದಳು. "ಅದು ಓಡಾಡೋ ಕ್ಲಿಪ್ಪು ಅಕ್ಕ. ಬಂದ ಮೇಲೆ ಹುಡುಕ್ತೀನಿ," ಎಂದಳು, ನಗುತ್ತಲೇ.

ನಾನು ತೆಗೆದಿದ್ದೇನೆಯೇ? ಅಭ್ಯಾಸಬಲದಲ್ಲಿ ಕೈ ಹೋಗಿತ್ತೇ? ಬುಟ್ಟಿಯನ್ನು ಮೇಜಿನ ಮೇಲೆ ಕವುಚಿದೆ. ದಾರದುಂಡೆ, ಗುಂಡಿ, ಕತ್ತರಿ. ಇಲ್ಲ. ನಾನು ಬೆಳಿಗ್ಗೆಯಿಂದ ಕೆಳಗೆ ಇಳಿದೇ ಇರಲಿಲ್ಲ. ನೆಲದ ಮೇಲೆ ಮಲಗಿ ಮೆಷಿನ್ನಿನ ಕೆಳಗೆ ಊರುಗೋಲು ಆಡಿಸಿದೆ. ಮೇಜಿನ ಸಂದಿ, ಮರಳುಚೀಲದ ಅಡಿ, ಕಸದ ಬುಟ್ಟಿ ನೋಡಿದೆ. "ಏನಮ್ಮ ಹುಡುಕ್ತಿದ್ದೀಯ?" ಎಂದರು ಮಾವ. ಹೊರಗೆ ವ್ಯಾನು ಶುರುವಾಯಿತು.

ಆ ಕ್ಲಿಪ್ಪು ಎಲ್ಲೂ ಓಡಾಡುವುದಿಲ್ಲ ಎಂದು ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು. ಇದುವರೆಗೆ ಓಡಾಡಿಸಿದವಳು ನಾನು. ಇವತ್ತು ನಾನು ಮುಟ್ಟಿಲ್ಲ. ಹಾಗಾದರೆ ಅದು ಒಂದೇ ಕಡೆ ಇರಲು ಸಾಧ್ಯ.

ಊರುಗೋಲು ಒಂದನ್ನೇ ಹಿಡಿದು ಹೊರಗೆ ಹೋದೆ. ವ್ಯಾನಿನ ಮುಂದೆ ನಿಂತೆ. ಮೈದುನ ಹಾರ್ನ್ ಹೊಡೆದ. "ಅತ್ತಿಗೆ, ಏನಿದು? ಪಕ್ಕಕ್ಕೆ ಸರೀರಿ."

"ಬಟ್ಟೆ ಬಿಚ್ಚಿ. ಕ್ಲಿಪ್ಪು ಒಳಗಿದೆ."

ಅವಳು ಕೆಳಗಿಳಿದು ಬಂದಳು. "ಎಷ್ಟು ಸಲ ಹೀಗಾಗಿಲ್ಲ ಅಕ್ಕ? ಒಂದು ಸಲಾನೂ ಒಳಗಿರಲಿಲ್ಲ. ಮೆಷಿನ್ ಕೆಳಗೆ..."

"ಮೆಷಿನ್ ಕೆಳಗೆ ಹಾಕ್ತಿದ್ದವಳು ನಾನು," ಎಂದೆ. "ಎಲ್ಲಾ ಸಲಾನೂ ನಾನೇ ತೆಗೆದು ಬುಟ್ಟಿಗೆ ಹಾಕ್ಕೊಂಡು ಆಮೇಲೆ ಬಿಸಾಕ್ತಿದ್ದೆ. ಇವತ್ತು ತೆಗೆದಿಲ್ಲ. ಇವತ್ತು ನಾನು ತೆಗೆದಿಲ್ಲ ಕಣೇ."

ವ್ಯಾನಿನ ಇಂಜಿನ್ನು ಆಫ್ ಆಯಿತು. ನಮ್ಮವರು ನನ್ನ ಮುಖ ನೋಡಿದ ರೀತಿಯನ್ನು ಬರೆಯಲು ನನಗೆ ಮನಸ್ಸಿಲ್ಲ. ಅವಳ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು.

"ನಾನು ಅಳ್ತಾ ಬಿಚ್ಚೋವಾಗ ಪಕ್ಕದಲ್ಲೇ ಕೂತು ಹೊಲೀತಿದ್ರಿ," ಎಂದಳು.

"ಹೌದು."

"ಈಗಲೂ ಸುಳ್ಳು ಹೇಳ್ತಿದ್ದೀರಿ. ಹೊತ್ತಾಗ್ಲಿ, ನಾನು ಹಾರದೇ ಇರ್ಲಿ ಅಂತ. ನಿಮ್ಮ ಜಾಗ ಅಲ್ವಾ ಅದು? ಬಿಚ್ಚಲ್ಲ ನಾನು. ರೀ, ಗಾಡಿ ತೆಗೀರಿ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ. ತುಂಬಿದ ಚೀಲವನ್ನು ಹೊರಗಿನಿಂದ ಎಷ್ಟು ಹಿಸುಕಿದರೂ ಒಳಗೇನಿದೆ ಎಂದು ತಿಳಿಯುವುದಿಲ್ಲ. ನಾನು ವ್ಯಾನಿನ ಹಿಂದಕ್ಕೆ ಕುಂಟಿಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ಚೀಲವನ್ನು ಎಳೆದು, ಮುಚ್ಚಿದ್ದ ಪಿನ್ನು ಕಿತ್ತು, ಬಟ್ಟೆಯನ್ನು ಎರಡೂ ಕೈಯಿಂದ ಬಾಚಿ ರಸ್ತೆಗೆ ಸುರಿದೆ. ಆಯ ತಪ್ಪಿ ಅದರ ಮೇಲೆಯೇ ಬಿದ್ದೆ.

ಮೈದುನ ಬಾಯಿಗೆ ಬಂದಂತೆ ಬೈದ. ನಮ್ಮವರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು, ಎಬ್ಬಿಸುವಾಗ ನೋಯಿಸಿದರು. ಅವಳು ಯಾರ ಕಡೆಯೂ ನೋಡದೆ ಬಟ್ಟೆಯನ್ನು ತೋಳಿನ ಮೇಲೆ ಹೇರಿಕೊಂಡು ಒಳಗೆ ಹೋದಳು. ನೆಲದ ಮೇಲೆ ಹಾಸಿ, "ಎಲ್ಲಿದೆ ತೋರಿಸ್ತೀನಿ ಬನ್ನಿ. ಎಲ್ಲರೂ ನೋಡಿ," ಎಂದು ಒಂದೊಂದೇ ಮಡಿಕೆ ಬಿಚ್ಚಿ ಕೊಡವಿದಳು. ಮೊದಲನೆಯದರಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಇರಲಿಲ್ಲ. ಒಂದೊಂದು ಕೊಡವಿದಾಗಲೂ ನನ್ನ ಕಡೆ ನೋಡಿದಳು. ಇಲ್ಲದಿರಲಿ, ನಾನು ಸುಳ್ಳುಗಾರ್ತಿಯೇ ಆಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಬಟ್ಟೆಯ ಹಿಂದಿನ ಅಂಚಿನ ಕೊನೆಯ ಮಡಿಕೆಯೊಳಗಿತ್ತು. ಬಟ್ಟೆಯ ಜೊತೆ ಎರಡು ದಾರಗಳನ್ನೂ ಸೇರಿಸಿ ಕಚ್ಚಿ ಹಿಡಿದುಕೊಂಡಿತ್ತು.

ಅವಳು ಅದನ್ನು ಬಿಡಿಸಿ, ಕೈಯಲ್ಲಿ ಹಿಡಿದುಕೊಂಡು, ಇದ್ದಲ್ಲೇ ಕೂತಳು. ಮೈದುನ ಹಾರುವುದೇ ಬೇಡ ಎಂದ. ನಮ್ಮವರೂ ಬೇಡ ಎಂದರು. ಅವಳು ಎದ್ದು, ಎಂಟು ಕ್ಲಿಪ್ಪುಗಳನ್ನೂ ಹಳೇ ಡಬ್ಬಿಗೆ ಹಾಕಿ, ಡಬ್ಬಿಯನ್ನು ಕಿಟಕಿಯಿಂದ ಹೊರಗೆ ಎಸೆದಳು. ಆಮೇಲೆ ಮೊಣಕಾಲೂರಿ ಬಟ್ಟೆ ಬಿಡಿಸಲು ಶುರುಮಾಡಿದಳು. ಬರಿಗೈಯಲ್ಲಿ.

ನನ್ನ ವಿದ್ಯೆ ಅದು. ನಾನು ಹೇಳಿಕೊಟ್ಟ ಹಾಗೇ ಮೊಣಕಾಲು, ಮೊಣಕೈ, ಗಲ್ಲ. ಎರಡು ತಿಂಗಳಿನಿಂದ ನಾನು ಬಯಸಿದ್ದು ಇದೇ, ಕಣ್ಣೆದುರಿಗೆ ಆಗುತ್ತಿತ್ತು. ಆದರೆ ಈಗ ನನಗದು ಬೇಡವಾಗಿತ್ತು. ಅವಳು ಬರಿಗೈಯಲ್ಲಿ ಮಡಚಿದ್ದರಲ್ಲಿ ಒಂದರಲ್ಲೂ ಇದುವರೆಗೆ ಹಾರಿಲ್ಲ.

"ಕ್ಲಿಪ್ಪು ಹಾಕ್ಕೊಳೇ," ಎಂದೆ. "ನಾನೇ ಹೋಗಿ ಆರಿಸ್ಕೊಂಡು ಬರ್ತೀನಿ. ನಿನ್ನ ಕೈಗೆ ಅದೇ ಪಳಗಿರೋದು. ಎಂಟೂ ಎಣಿಸಿ ಹಾಕ್ಕೋ, ನಾನು ಈ ಕೋಣೇಲೇ ಇರಲ್ಲ."

ಕೇಳಿಸಿಕೊಳ್ಳಲಿಲ್ಲ. ಬಲಗಡೆ ಉಬ್ಬಿತು. ನಾನು ತಡೆಯಲಾರದೆ ಬಗ್ಗಿ ಕೈ ಚಾಚಿದೆ.

"ಮುಟ್ಟಬೇಡಿ," ಎಂದಳು.

ಗಟ್ಟಿಯಾಗಿ ಹೇಳಲಿಲ್ಲ. ಮಾವ ನನ್ನ ಭುಜ ಹಿಡಿದು ಹಿಂದಕ್ಕೆ ಕೂರಿಸಿದರು. ಅವರೇ ಅವಳ ಪಕ್ಕ ಕೂತು ಮಡಿಕೆ ಮಡಿಕೆಯನ್ನೂ ನೋಡಿದರು. ಸರಿಯಿದೆ ಎಂದೂ ಹೇಳಲಿಲ್ಲ, ತಪ್ಪಿದೆ ಎಂದೂ ಹೇಳಲಿಲ್ಲ. ಅವಳು ಬಲಗಡೆಯನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿ, ಚೀಲ ಮುಚ್ಚಿ, ತಾನೇ ಹೊತ್ತುಕೊಂಡು ಹೋಗಿ ವ್ಯಾನು ಹತ್ತಿದಳು. ಹೊರಟುಹೋದರು.

ಮಾರ್ಚ್ 29, ಭಾನುವಾರ

ಬೆಳಿಗ್ಗೆಯಿಂದ ಮಾವ, ನಾನು ಎದುರುಬದುರು ಕೂತಿದ್ದೆವು. ಮಧ್ಯದಲ್ಲಿ ಫೋನು. ಕಾಫಿ ಮಾಡಿದೆ, ಇಬ್ಬರೂ ಕುಡಿಯಲಿಲ್ಲ. "ಬಲಗಡೆ ಸರಿಯಿತ್ತಾ ಮಾವ?" ಎಂದು ಒಂದು ಸಲ ಕೇಳಿದೆ. "ಸರಿಯಿತ್ತು ಅನ್ಸುತ್ತೆ," ಎಂದರು. ಅನ್ಸುತ್ತೆ ಎಂಬ ಮಾತಿಗೆ ನನಗೆ ಅವರ ಮೇಲೂ ಸಿಟ್ಟು ಬಂತು.

ನಾನು ಅವಳ ಎಣಿಕೆಯನ್ನು ಕದ್ದೆ. ಕ್ಲಿಪ್ಪನ್ನಲ್ಲ. ಕ್ಲಿಪ್ಪುಗಳನ್ನು ಹೇಗೂ ವಾಪಸು ಕೊಡುತ್ತಿದ್ದೆ. ಇದನ್ನು ಯಾರೂ ನನಗೆ ಹೇಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಫೋನು ಬಂತು. ನಮ್ಮವರು.

"ಇಳಿದ್ಲು," ಎಂದರು.

"ಹೇಗೆ ತೆರೀತು?"

"ನೆಟ್ಟಗೆ. ಜನ ಚಪ್ಪಾಳೆ ಹೊಡೆದ್ರು."

ಮಾವ ಎದ್ದು ಮುಖ ತೊಳೆಯಲು ಹೋದರು. ಅವರ ಮುಖ ಆಗಲೇ ಒದ್ದೆಯಾಗಿತ್ತು.

"ಅವಳಿಗೆ ಕೊಡ್ತೀರಾ ಫೋನು?" ಎಂದೆ.

ಆ ಕಡೆ ಗಾಳಿಯ ಸದ್ದು, ಜನರ ಸದ್ದು. ಅವಳ ದನಿಯೂ ಇತ್ತು, ಯಾರಿಗೋ ಏನೋ ಹೇಳಿ ಜೋರಾಗಿ ನಗುತ್ತಿದ್ದಳು. ಆಮೇಲೆ ನಗು ನಿಂತಿತು. ನಮ್ಮವರು ಮತ್ತೆ ಬಂದರು. "ಬೇಡವಂತೆ. ಇನ್ನು ಮೇಲೂ ಬೇಡವಂತೆ. ಮುಂದಿನ ತಿಂಗಳು ಅವರು ಬೇರೆ ಮನೆ ನೋಡ್ತಾರಂತೆ," ಎಂದು ಫೋನು ಇಟ್ಟರು.

ಸೊಕ್ಕು ನೋಡಿ. ಇರಲಿ. ಮಾತಾಡದಿರಲಿ. ಬೇರೆ ಮನೆ ಮಾಡಲಿ, ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗಲಿ, ಜನ್ಮವಿಡೀ ನನ್ನ ಜೊತೆ ಮಾತು ಬಿಡಲಿ. ಮಾತು ಬಿಡುವುದಕ್ಕೆ ಅವಳು ಇದ್ದಾಳೆ.